ಇಳಿಜಾರಿನ ಗಾಳಿ

ಬೆಟ್ಟ ಸುತ್ತುವ ರಸ್ತೆಯ ಪೆಟ್ರೋಲ್ ಬಂಕಿನ ಸಾಲಿನಲ್ಲಿ ಲಾರಿ ಡ್ರೈವರನ ಮುಂದೆ ಒಂದು ಪುಟ್ಟ ಬೈಕಿತ್ತು. ಪಕ್ಕದಲ್ಲಿ ಮೈಯೆಲ್ಲ ಮಣ್ಣಾದ ಗಂಡ ಹೆಂಡತಿ.

“ಇಳಿಜಾರಲ್ಲಿ ಇಂಜಿನ್ ಯಾಕ್ರೀ ಆಫ್ ಮಾಡಿದ್ರಿ?” ಹೆಂಡತಿ ಕೇಳಿದಳು.

“ಪೆಟ್ರೋಲ್ ಉಳೀಲಿ ಅಂತ.”

ಡ್ರೈವರ್ ಅವರತ್ತ ತಿರುಗಿದ. ಇಂಜಿನ್ನಿನ ತಡೆಯಿಲ್ಲದೆ ಬರೀ ಬ್ರೇಕ್ ಹಿಡಿದು ಇಳಿದವರ ಗತಿ ಅವನು ಕಂಡಿದ್ದ.

“ಬ್ರೇಕ್ ಕಾದು ಹಿಡೀಲಿಲ್ಲ, ಅಲ್ವಾ?”

“ಗುದ್ದಿ ನಿಲ್ಲೋಕೆ ಮಣ್ಣಿನ ದಿಬ್ಬ ಸಿಕ್ತಲ್ಲ, ಬಿಡು. ಈಗ ಬ್ರೇಕ್ ಆರಿದೆ. ಬೆಟ್ಟ ಇಳಿಯೋಕೆ ಇನ್ನರ್ಧ ಸುತ್ತು ಅಷ್ಟೇ.”

“ಹಿಡೀತಿಲ್ಲ ಅಂತ ಯಾವಾಗ ಗೊತ್ತಾಯ್ತು?”

“ನಾಲ್ಕು ತಿರುವು ಮೊದಲೇ.”

“ಆಗ ‘ಕಣ್ಮುಚ್ಕೋ, ಗಾಳಿ ಎಷ್ಟು ಚೆನ್ನಾಗಿದೆ’ ಅಂದ್ರಲ್ಲ, ಅದಕ್ಕೇನಾ?”

ಗಂಡ ಟ್ಯಾಂಕಿನ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಲೇ ಇದ್ದ.

“ನೀನು ಹೆದರ್ಕೋಬಾರ್ದು ಅಂತ...”

“ಸಾಯೋದಾದ್ರೆ ನೋಡ್ಕೊಂಡೇ ಸಾಯ್ತಿದ್ದೆ. ಕೀ ಕೊಡಿ.”

ಅವಳು ಮುಂದೆ ಕೂತಳು.

“ಹತ್ತಿ. ಕಣ್ಣು ಮಾತ್ರ ಮುಚ್ಚಬೇಡಿ.”

ಬೈಕು ಮೊದಲ ಗೇರಿನಲ್ಲೇ ಗುರುಗುಟ್ಟುತ್ತ ಮುಂದಿನ ಇಳಿಜಾರಿಗೆ ಇಳಿಯಿತು.