ಗಲ್ಲಿ ಚೆಂದವಾದ ಮೇಲೆ

ಸೋನಾರ್‌ಪುರದಲ್ಲಿ ಇ-ರಿಕ್ಷಾಕ್ಕೆ ಕಾಯುತ್ತಿದ್ದ ಅಂಬುಜಾಕ್ಷಿ ಸುತ್ತಲಿನ ಹಿಂದಿಯ ನಡುವೆ ಬೆನ್ನ ಹಿಂದೆ ಕನ್ನಡ ಕೇಳಿ ಕಿವಿಗೊಟ್ಟಳು. ಅತ್ತೆ ಸೊಸೆ ಇಬ್ಬರು ಪಾತ್ರೆಗಳ ಗಂಟಿಟ್ಟುಕೊಂಡು ನಿಂತಿದ್ದರು.

"ಶಿವಾಲದ ನಮ್ಮ ಗಲ್ಲಿಯ ಕಸ ಎತ್ತಿ, ಬಣ್ಣ ಬಳಿದು, ಬೆಂಚು ಹಾಕಿದ್ದು ನಾವೇ ತಾನೇ, ಶ್ರೀರಮಾ?"

"ಹೌದತ್ತೆ. ಹಬ್ಬ ಮುಗಿಯೋವರೆಗೆ ಅಂತ ಮಾಡಿದ್ದು. ಮೂಗು ಮುಚ್ಕೊಂಡು ಓಡ್ತಿದ್ದವರೆಲ್ಲ ಫೋಟೋ ತೆಗೆಯೋಕೆ ಬಂದ್ರು."

"ಮನೆ ಮಾಲೀಕನೂ ಬಂದ."

"ಇಂಥ ಗಲ್ಲೀಲಿ ಹೋಟೆಲ್ ಚೆನ್ನಾಗಿ ನಡೆಯುತ್ತೆ, ಮನೆ ಖಾಲಿ ಮಾಡಿ ಅಂದ."

"ನಾನು ಮದುವೆಯಾಗಿ ಬಂದ ಮನೆ ಕಣೇ ಅದು."

ಸೊಸೆ ಗಂಟಿನ ಗಂಟನ್ನು ಬಿಗಿಮಾಡಿದಳು. "ಈಗ ಹೋಗ್ತಿರೋ ಭೇಲೂಪುರದ ಬಾಡಿಗೆ ಮನೆ ಮುಂದೆಯೂ ಕಸದ ರಾಶಿ ಇದೆ. ನಾಳೆ ಗುಡಿಸಿಬಿಡ್ಲಾ, ಅತ್ತೆ?"

"ಮುಟ್ಟಬೇಡ. ಕಸ ಇದ್ದಷ್ಟು ದಿನ ನಮ್ಮನ್ನ ಯಾರೂ ಅಲ್ಲಿಂದ ಎಬ್ಬಿಸಲ್ಲ."

ರಿಕ್ಷಾ ಬಂತು. ಮಾತಾಡಿಸಬೇಕೆಂದಿದ್ದ ಅಂಬುಜಾಕ್ಷಿ ಪಕ್ಕಕ್ಕೆ ಸರಿದು ಅದನ್ನು ಅವರಿಗೇ ಬಿಟ್ಟುಕೊಟ್ಟಳು. ಇಬ್ಬರೂ ಗಂಟು ಹತ್ತಿಸಿಕೊಂಡು ಹೊರಟುಹೋದರು.