ಶೇಂಗಾ ಹೋಳಿಗೆ ಎಷ್ಟು ಮಾಡಲಿ?

ಎರಡನೇ ಸಾಲಿನಲ್ಲಿ ಯಾರದೋ ಫೋನು ಹಾಡುತ್ತಿದೆ. ತೆಗೆದುಕೊಳ್ಳಿ ತಮ್ಮಾ, ನಾಚಿಕೆ ಬೇಡ. ಯಾರಂತೆ? ಬ್ಯಾಂಕಿನವರಾ? ಭಾನುವಾರ ಸಂಜೆ ಆರು ಗಂಟೆಗೆ ಬ್ಯಾಂಕಿನವರು ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದಾರೆ ಅಂದರೆ ಸ್ವಲ್ಪ ಯೋಚನೆ ಮಾಡಿ. ಇಡಿ, ಕೆಳಗಿಡಿ. ಒಳ್ಳೆಯದೇ ಆಯಿತು. ನಾನು ಇವತ್ತು ಹೇಳಬೇಕೆಂದಿದ್ದ ಮಾತನ್ನು ಆ ಪುಣ್ಯಾತ್ಮನೇ ಶುರು ಮಾಡಿಕೊಟ್ಟ.

ನೋಡಿ, ಮಠದ ಸ್ವಾಮಿಗಳು ಅಂದಮೇಲೆ ಮೊಬೈಲನ್ನು ಬೈಯಲೇಬೇಕು ಅಂತ ಒಂದು ಪದ್ಧತಿ ಆಗಿಬಿಟ್ಟಿದೆ. ನಾನು ಬೈಯುವುದಿಲ್ಲ. ನನ್ನ ಹತ್ತಿರವೂ ಒಂದಿದೆ. ಪಂಚಾಂಗ ಅದರಲ್ಲೇ ನೋಡುತ್ತೇನೆ. ಮೊಣಕಾಲು ನೋವಿಗೆ ಡಾಕ್ಟರ ಹತ್ತಿರ ಅದರಲ್ಲೇ ಮಾತಾಡುತ್ತೇನೆ. ಮೊನ್ನೆ ಮೊನ್ನೆಯವರೆಗೆ ಅದರ ಪಾಸ್‌ವರ್ಡ್ ಒಂದು ಎರಡು ಮೂರು ನಾಲ್ಕು ಇತ್ತು. ನಮ್ಮ ಮಠದ ಕಾರ್ಯದರ್ಶಿ ನೋಡಿ ತಲೆ ಚಚ್ಚಿಕೊಂಡ. "ಅಜ್ಜಾರ, ಇದನ್ನ ಮಠದ ಆಕಳ ಕರಾನೂ ತೆಗೀತೈತ್ರಿ" ಅಂದ. ಬದಲಾಯಿಸಿದೆ. ಈಗ ಅದು ನನಗೇ ನೆನಪಿರುವುದಿಲ್ಲ, ಆ ಮಾತು ಬೇರೆ.

ಇರಲಿ. ಇವತ್ತಿನ ದೃಷ್ಟಾಂತಕ್ಕೆ ಒಬ್ಬ ಸಾಹುಕಾರ ಬೇಕು. ಇವನ ಹೆಸರು, ಊರು ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ನಾಲ್ಕು ಜನ, ಅಜ್ಜಾರು ನನಗೇ ಅಂದರು ಅಂತ ಮುನಿಸಿಕೊಳ್ಳುತ್ತೀರಿ. ದೊಡ್ಡ ಟೈಲ್ಸ್ ಅಂಗಡಿ ಇತ್ತು ಅಂತ ಇಟ್ಟುಕೊಳ್ಳಿ. ಒಳ್ಳೆಯ ಮನುಷ್ಯ. ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಡತಿ, ಒಬ್ಬಳೇ ಮಗಳು. ಮಗಳೆಂದರೆ ಪ್ರಾಣ. ಅವಳು ಬೇರೆ ಊರಿನ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಮನೆಯಲ್ಲಿ ಅಡುಗೆಗೆ ಸಾವಂತ್ರವ್ವ ಅಂತ ಒಬ್ಬ ಹೆಣ್ಣುಮಗಳು, ಆ ಹುಡುಗಿ ಅಂಬೆಗಾಲಿಡುವಾಗಿನಿಂದ ಅಲ್ಲೇ ಇದ್ದವಳು.

ಈ ಸಾಹುಕಾರನಿಗೆ ಕಳ್ಳರೆಂದರೆ ಭಾರೀ ಭಯ. ಮನೆಗೆ ಎಂಟು ಕ್ಯಾಮೆರಾ ಹಾಕಿಸಿದ್ದ. ಏಳು ಮನೆ ಕಾಯುವುದಕ್ಕೆ, ಎಂಟನೆಯದು ಆ ಏಳನ್ನು ಕಾಯುವುದಕ್ಕೆ. ಬಾಗಿಲು ಹೆಬ್ಬೆರಳಿಟ್ಟರೆ ತೆರೆಯುತ್ತಿತ್ತು, ಫೋನು ಮುಖ ತೋರಿಸಿದರೆ ತೆರೆಯುತ್ತಿತ್ತು. ನಾವೆಲ್ಲ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುತ್ತೇವಲ್ಲ, ಇವನೂ ಮಾಡುತ್ತಿದ್ದ. ಗಲ್ಲಾಪೆಟ್ಟಿಗೆಗೆ ಮಂಗಳಾರತಿ ಆಯಿತು, ಲೆಕ್ಕದ ಪುಸ್ತಕಕ್ಕೆ ಆಯಿತು, ಆಮೇಲೆ ಇಂಟರ್ನೆಟ್ಟಿನ ಡಬ್ಬಿಗೂ ಆಗುತ್ತಿತ್ತು. ಅದಕ್ಕೊಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಕಟ್ಟಿ, ಅದೇ ಮುಹೂರ್ತದಲ್ಲಿ ಎಲ್ಲಾ ಪಾಸ್‌ವರ್ಡ್ ಬದಲಾಯಿಸುತ್ತಿದ್ದ. ನಗಬೇಡಿ. ಬದಲಾಯಿಸದೇ ಇರುವ ನಿಮಗಿಂತ ಅವನೇ ವಾಸಿ.

ಆದರೆ ಒಂದು ಚಟ ಇತ್ತು. ಕುಡಿತ ಅಲ್ಲ, ಎಲೆ ಅಡಿಕೆ ಸಹ ಇಲ್ಲ. ಸ್ಟೇಟಸ್ಸು! ಬೆಳಿಗ್ಗೆ ಎದ್ದರೆ ಒಂದು, ಉಂಡರೆ ಒಂದು. ಮಗಳ ಹುಟ್ಟುಹಬ್ಬಕ್ಕೆ ಕೇಕಿನ ಫೋಟೋ, ತಾರೀಖು ಸಮೇತ. ಮಗಳ ಶಾಲೆಯ ಸನ್ಮಾನ, ಶಾಲೆಯ ಬೋರ್ಡು ಸಮೇತ. ಮನೆಯ ನಾಯಿ ರಾಕಿಗೂ ಹುಟ್ಟುಹಬ್ಬ ಮಾಡಿ ಅದನ್ನೂ ಹಾಕಿದ್ದ. ಮಗಳು ಕಾಲೇಜಿನಲ್ಲಿ ಎರಡು ನಿಮಿಷ ಭಾಷಣ ಮಾಡಿದ್ದನ್ನು ಊರಿಗೆಲ್ಲ ಕಾಣುವ ಹಾಗೆ ತೆರೆದಿಟ್ಟಿದ್ದ. ಹೋದ ತಿಂಗಳು ಹಾಸ್ಟೆಲ್ಲಿಗೆ ಪೇಟೆಯಿಂದ ಎರಡು ಡಬ್ಬಿ ಶೇಂಗಾ ಹೋಳಿಗೆ ಕಳಿಸಿದ. ಕಳಿಸುವ ಮೊದಲು ಡಬ್ಬಿ ಹಿಡಿದು ಫೋಟೋ ತೆಗೆಸಿಕೊಂಡು, "ನನ್ನ ರಾಜಕುಮಾರಿಗೆ ಅವಳ ಇಷ್ಟದ ಹೋಳಿಗೆ" ಅಂತ ಬರೆದ. ಇನ್ನೂರು ಜನ ಮೆಚ್ಚಿದರು. ನಿಮ್ಮಲ್ಲೂ ಕೆಲವರು ಮೆಚ್ಚಿರಬಹುದು.

ಒಮ್ಮೆ ವ್ಯಾಪಾರಿಗಳ ಸಂಘದಲ್ಲಿ ಒಬ್ಬ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಬಂದು ತಿಳಿವಳಿಕೆಯ ಮಾತು ಹೇಳಿದರು. "ಈಗ ಯಂತ್ರದಿಂದ ಯಾರ ದನಿ ಬೇಕಾದರೂ ಮಾಡುತ್ತಾರೆ. ನಿಮ್ಮ ಮಕ್ಕಳದೇ ದನಿಯಲ್ಲಿ ಯಾರಾದರೂ ಅತ್ತು ಕರೆದು ಹಣ ಕೇಳಿದರೆ ಗಾಬರಿಯಾಗಬೇಡಿ. ಅವರಿಗೆ ಮಾತ್ರ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳಿ" ಅಂದರು. ನಮ್ಮ ಸಾಹುಕಾರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅವರ ಜೊತೆ ಫೋಟೋ ತೆಗೆಸಿಕೊಂಡ. ಏನು ಮಾಡಿದ ಆ ಫೋಟೋವನ್ನು? ನೀವೇ ಹೇಳಿ. ಹಾಂ, ಹಾಕಿದ.

ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಹೆಂಡತಿ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಸಾಹುಕಾರ ಪಡಸಾಲೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಗುರುತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಿದರೆ ಮಗಳ ಅಳು.

"ಅಪ್ಪಾಜಿ! ನನ್ನ ಗಾಡಿ ಒಬ್ಬ ಮುದುಕಗ ಬಡದೈತ್ರಿ. ಸ್ಟೇಷನ್ನಾಗ ಕುಂದರ್ಸ್ಯಾರ. ಫೋನೂ ಕಸ್ಕೊಂಡಾರ. ಲಗೂನ ಏನರ ಮಾಡ್ರಿ ಅಪ್ಪಾಜಿ!"

ಹಿಂದಿನಿಂದ ಒಂದು ಗಡಸು ದನಿ. ಕೇಸು ಆಗಬಾರದು ಅಂದರೆ ಹತ್ತು ನಿಮಿಷದಲ್ಲಿ ಹಣ ಕಳಿಸಬೇಕು, ಇಲ್ಲದಿದ್ದರೆ ಹುಡುಗಿಯ ಭವಿಷ್ಯ ಮುಗಿಯಿತು.

ಆ ತಂದೆಯ ಪಾಡು ಮಕ್ಕಳಿದ್ದವರಿಗೆ ನಾನು ಹೇಳಬೇಕಿಲ್ಲ. ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಆದರೂ ಮನುಷ್ಯ ಜಾಣ. ತನ್ನ ಇನ್ನೊಂದು ಫೋನಿನಿಂದ ಮಗಳ ನಂಬರಿಗೆ ಹಚ್ಚಿದ. ಸ್ವಿಚ್ ಆಫ್. ಕಸಿದುಕೊಂಡಿದ್ದಾರಲ್ಲ, ಸರಿಹೋಯಿತು. ಹೆಂಡತಿಗೆ ಹಚ್ಚಿದ. ಅದು ತೊಟ್ಟಿಲ ಮನೆಯ ಯಾವುದೋ ಚೀಲದಲ್ಲಿ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಆಗ ಇನ್ಸ್‌ಪೆಕ್ಟರಮ್ಮನ ಮಾತು ನೆನಪಾಯಿತು. ಪ್ರಶ್ನೆ ಕೇಳಬೇಕು!

"ನೀ ಹುಟ್ಟಿದ ತಾರೀಖು ಹೇಳು" ಅಂದ. ತಟ್ಟನೆ ಬಂತು.

"ನೀ ಕಲ್ತ ಸಾಲಿ ಯಾವುದು?" ಅದೂ ಬಂತು.

"ನಮ್ಮ ನಾಯಿ ಹೆಸರು?"

"ರಾಕಿ ಅಪ್ಪಾಜಿ! ಇಂಥಾ ಹೊತ್ತಿನ್ಯಾಗ ನಾಯಿ ಹೆಸರು ಕೇಳ್ತೀರೇನ್ರಿ!"

ಇನ್ನೊಂದು ಕೇಳಬೇಕು. ಯಾವುದು ಕೇಳಲಿ? ಎಲ್ಲರಿಗೂ ಗೊತ್ತಿಲ್ಲದ್ದು, ಮಗಳಿಗೂ ತನಗೂ ಮಾತ್ರ ಗೊತ್ತಿರುವಂಥದ್ದು. ಹುಡುಕಿದ. ಅವಳ ಗೆಳತಿ ಯಾರು? ತನಗೇ ಗೊತ್ತಿಲ್ಲ. ಅವಳಿಗೆ ಯಾವುದರ ಭಯ? ಗೊತ್ತಿಲ್ಲ. ಯಾವ ಪಾಠ ಕಷ್ಟ? ಹೋದ ಸಲ ಮನೆಗೆ ಬಂದಾಗ ಯಾಕೆ ಎರಡು ದಿನ ಸಪ್ಪಗಿದ್ದಳು? ಗೊತ್ತಿಲ್ಲ, ಗೊತ್ತಿಲ್ಲ. ನೋಡಿ, ಈ ಜಾಗ ಗಮನಿಸಿ. ಮಗಳೆಂದರೆ ಪ್ರಾಣ ಅನ್ನುವ ತಂದೆ, ಮಗಳಿಗೆ ಕೇಳುವುದಕ್ಕೆ ಒಂದು ಪ್ರಶ್ನೆ ಇಲ್ಲದೆ ಕೂತಿದ್ದಾನೆ. ಅವನ ಹತ್ತಿರ ಇದ್ದದ್ದೆಲ್ಲ ಆಗಲೇ ಸ್ಟೇಟಸ್ಸಿಗೆ ಹೋಗಿಬಿಟ್ಟಿತ್ತು.

ಬೆರಳು ಹಣ ಕಳಿಸುವ ಗುಂಡಿಯ ಹತ್ತಿರ ಹೋಯಿತು. ಅಷ್ಟರಲ್ಲಿ ಕೈಗೆ ಹಿಟ್ಟು ಮೆತ್ತಿಕೊಂಡೇ ಸಾವಂತ್ರವ್ವ ಅಡುಗೆಮನೆಯಿಂದ ಬಂದಳು. ಸಾಹುಕಾರನ ಗಂಟಲು ಊರಿಗೆಲ್ಲ ಕೇಳುತ್ತಿತ್ತು, ಅವಳಿಗೆ ಕೇಳದೆ ಇರುತ್ತದೆಯೇ?

"ಇಲ್ಲೆ ಕೊಡ್ರಿ ಯಪ್ಪಾ, ನಾ ಒಂದ್ ಮಾತ್ ಆಡ್ತೀನಿ" ಅಂದವಳೇ ಫೋನು ಇಸಿದುಕೊಂಡು ಸೀರೆಯ ಸೆರಗಿನಿಂದ ಹಿಡಿದು ಮಾತಾಡಿದಳು. "ಅಳಬ್ಯಾಡ ಯವ್ವಾ. ಅಪ್ಪಾಜಿ ಎಲ್ಲಾ ಮಾಡ್ತಾರ. ನೀ ಮನಿಗೆ ಬರೂದ್ರಾಗ ನಿನಗ ಸೇರೂ ಶೇಂಗಾ ಹೋಳಿಗಿ ಮಾಡಿಟ್ಟಿರ್ತೀನಿ. ಎಷ್ಟ ಮಾಡ್ಲಿ?"

ಆ ಕಡೆಯಿಂದ ಬಿಕ್ಕುತ್ತಲೇ ಉತ್ತರ ಬಂತು. "ಎಷ್ಟರ ಮಾಡು. ನನಗ ಬಾಳ ಸೇರ್ತಾವ. ಹೋದ ತಿಂಗಳ ಅಪ್ಪಾಜಿ ಕಳಿಸಿದ್ದೂ ಎಲ್ಲಾ ತಿಂದೀನಿ. ಮೊದಲ ಅಪ್ಪಾಜಿಗೆ ಫೋನ್ ಕೊಡು!"

ಸಾವಂತ್ರವ್ವ ಫೋನು ಕಟ್ ಮಾಡಿ ಮೇಜಿನ ಮೇಲೆ ಮಗುಚಿ ಹಾಕಿದಳು.

"ಯಾಕ ಕಟ್ ಮಾಡಿದಿ?" ಅಂತ ಸಾಹುಕಾರ ಚೀರಿದ.

"ಅದು ನಮ್ಮ ಹುಡುಗಿ ಅಲ್ರೀ. ನಮ್ಮ ಹುಡುಗಿ ಶೇಂಗಾ ಬಾಯಾಗ ಹಾಕ್ಕೊಳ್ಳಂಗಿಲ್ಲ. ಹಾಕ್ಕೊಂಡ್ರ ತುಟಿ ಬಾತು ಮೈಯೆಲ್ಲಾ ದದ್ದು ಏಳ್ತಾವ. ಏಳು ವರ್ಷ ಆತು ಡಾಕ್ಟರ್ ಬಿಡ್ಸಿ. ಮತ್ತ ಆಕಿ ಈಗ ಪರೀಕ್ಷಾ ಬರಿಯಾಕತ್ತಾಳ, ಒಂದು ಗಂಟೆಕ್ಕ ಬಿಡ್ತೈತಿ. ಅದಕ್ಕ ಫೋನ್ ಬಂದ್ ಮಾಡ್ಯಾಳ. ದೇವರಿಗೆ ದೀಪಾ ಹಚ್ಚು ಅಂತ ನಿನ್ನೆ ಹೇಳಿದ್ಲು, ಹಚ್ಚೀನಿ."

"ನಿನಗ ಹೇಳ್ಯಾಳ, ನನಗ ಹೇಳಿಲ್ಲ!"

"ನಿಮಗೂ ಫೋನ್ ಹಚ್ಚಿದ್ಲಂತ್ರೀ. ಆಮ್ಯಾಲೆ ಮಾಡ್ತೀನಿ ಅಂತ ಇಟ್ರಂತ."

ಈಗ ಹೇಳಿ. ಆ ಕಳ್ಳ ಶೇಂಗಾ ಹೋಳಿಗೆ ಇಷ್ಟ ಅಂತ ಯಾಕೆ ಹೇಳಿದ? ಅವನಿಗೆ ಯಾರು ಹೇಳಿದ್ದು? ಅಪ್ಪನೇ ಹೇಳಿದ್ದು! ಡಬ್ಬಿ ಹಿಡಿದುಕೊಂಡು, ಫೋಟೋ ತೆಗೆಸಿಕೊಂಡು, ಬರೆದು ಹೇಳಿದ್ದು. ಕಳ್ಳನಿಗೆ ಆ ಹುಡುಗಿಯ ವಿಷಯ ಎಷ್ಟು ಗೊತ್ತಿತ್ತೋ, ಹೆತ್ತ ಅಪ್ಪನಿಗೂ ಅಷ್ಟೇ ಗೊತ್ತಿತ್ತು. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ. ಎಂಟು ಕ್ಯಾಮೆರಾದಲ್ಲಿ ಒಂದಕ್ಕೂ ಇದು ಕಾಣಿಸಿರಲಿಲ್ಲ. ಹಣ ಉಳಿಯಿತು ನಿಜ. ಆದರೆ ಆ ಮನುಷ್ಯ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, ಹಣ ಕಳೆದುಕೊಂಡವನಿಗಿಂತ ಜೋರಾಗಿ ಅತ್ತ.

ಒಂದೂವರೆಗೆ ಮಗಳ ಫೋನು ಬಂತು, ಅವಳದೇ ನಂಬರಿನಿಂದ. ಸಾಹುಕಾರ ತಾನೇ ಮೊದಲು ಕೇಳಿದ. "ಪರೀಕ್ಷಾ ಹೆಂಗ ಆತವ್ವಾ? ಉಂಡಿ ಇಲ್ಲೋ?"

ಹುಡುಗಿ ತಿರುಗಿ ಕೇಳಿದಳು. "ಯಾರ್ರೀ ಮಾತಾಡೋದು?"

ನಗುತ್ತೀರಿ. ನಗಬೇಡಿ, ಆ ಹುಡುಗಿಯ ತಪ್ಪೇನು? ಅಪ್ಪ ಹಾಗೆ ಕೇಳಿದ್ದನ್ನು ಅವಳು ಈ ಮೊದಲು ಕೇಳಿಯೇ ಇರಲಿಲ್ಲ. ಅವಳ ಕಾಲೇಜಿನಲ್ಲೂ ಇಂಥದೇ ತಿಳಿವಳಿಕೆಯ ಭಾಷಣ ಆಗಿತ್ತು. "ನೀವು ನಮ್ಮ ಅಪ್ಪಾಜೀನ ಹೌದಂದ್ರ ಹೇಳ್ರಿ, ನನಗ ಯಾವ ತಿನಿಸು ಆಗಂಗಿಲ್ಲ?" ಅಂದಳು.

"ಶೇಂಗಾ" ಅಂದ ಸಾಹುಕಾರ. "ಹೋಳಿಗಿ ಕಳಿಸಿದಾಗ ಯಾಕ ಹೇಳಲಿಲ್ಲವ್ವಾ?"

"ಗೆಳತ್ಯಾರು ತಿಂದ್ರು ಬಿಡ್ರಿ, ಬಾಳ ಛಲೋ ಇದ್ದುವಂತ. ನೀವು ಫೋಟೋ ಹಾಕಿದ್ರಿ ಅಪ್ಪಾಜಿ, ಇನ್ನೂರು ಮಂದಿ ಮೆಚ್ಚಿದ್ರು. ಮತ್ತ ಹೆಂಗ ಹೇಳ್ಲಿ?"

ಕಥೆ ಮುಗಿಯಿತು. ಆಮೇಲೆ ಅಪ್ಪ ಮಗಳು ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರಂತೆ. ಏನು ಮಾತಾಡಿದರು ಅಂತ ನನಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಕಳ್ಳನಿಗೂ ಗೊತ್ತಿಲ್ಲ. ಅದೇ ಆ ಮನೆಯ ಹೊಸ ಪಾಸ್‌ವರ್ಡು. ಅದಕ್ಕೆ ನಿಂಬೆಹಣ್ಣು ಕಟ್ಟಬೇಕಾಗಿಲ್ಲ.

ಈಗ ನಿಮ್ಮ ಕಡೆ ಬರುತ್ತೇನೆ. ಸಾಹುಕಾರನ ಕಥೆ ಕೇಳಿ ನೀವು ಚೆನ್ನಾಗಿ ನಕ್ಕಿರಿ. ನೀವು ಆ ಕುರ್ಚಿಯಲ್ಲಿ ಕೂತಿದ್ದರೆ ಯಾವ ಪ್ರಶ್ನೆ ಕೇಳುತ್ತಿದ್ದಿರಿ? ಯೋಚನೆ ಮಾಡಿ, ಅವಸರವಿಲ್ಲ. ಅಣ್ಣಾ, ನಿಮ್ಮ ಹೆಂಡತಿ ಈ ವಾರ ಯಾವುದಕ್ಕೆ ಚಿಂತೆ ಮಾಡುತ್ತಿದ್ದಾರೆ, ಗೊತ್ತೇ? ತಾಯೀ, ನಿಮ್ಮ ಮಗ ಯಾರ ಹೆಸರು ಹೇಳಿದರೆ ನಗುತ್ತಾನೆ? ಹಿಂದೆ ಕೂತ ಹುಡುಗರೇ, ನಿಮ್ಮ ಅಪ್ಪ ಸಣ್ಣವರಿದ್ದಾಗ ಏನಾಗಬೇಕು ಅಂತಿದ್ದರು, ಯಾವತ್ತಾದರೂ ಕೇಳಿದ್ದೀರಾ? ಈ ತಪ್ಪು ನಿಮ್ಮದೊಂದೇ ಅಲ್ಲ. ನನಗೂ ಇದರಲ್ಲಿ ಪಾಲಿದೆ. ಮಠದಲ್ಲಿ ನನಗೆ ಹನ್ನೆರಡು ವರ್ಷದಿಂದ ಬಡಿಸುವ ಮನುಷ್ಯನಿಗೆ ಮಕ್ಕಳೆಷ್ಟು ಅಂತ, ಈ ಕಥೆ ಕಟ್ಟುವಾಗಲೇ ಮೊದಲ ಸಲ ಕೇಳಿದೆ. ಮೂವರಂತೆ. ಕೊನೆಯವಳು ಈಜು ಕಲಿಯುತ್ತಿದ್ದಾಳಂತೆ. ಹೇಳುವಾಗ ಅವನ ಮುಖ ನೋಡಬೇಕಿತ್ತು.

ಫೋನು ಬಿಸಾಡಿ ಅಂತ ನಾನು ಹೇಳುವುದಿಲ್ಲ. ಪಾಸ್‌ವರ್ಡ್ ಗಟ್ಟಿಯಾಗಿಡಿ. ಫೋನಿಗೆ ಬಂದ ಓಟಿಪಿಯನ್ನು ದೇವರೇ ಕೇಳಿದರೂ ಕೊಡಬೇಡಿ, ದೇವರಿಗೆ ಅದು ಬೇಕಾಗುವುದಿಲ್ಲ. ಹೆದರಿಸುವ ಫೋನು ಬಂದರೆ ಮೊದಲು ಕೆಳಗಿಡಿ, ಉಸಿರು ತೆಗೆದುಕೊಳ್ಳಿ, ನಿಮಗೆ ಗೊತ್ತಿರುವ ನಂಬರಿಗೆ ನೀವೇ ಹಚ್ಚಿ. ಅದು ಹತ್ತದಿದ್ದರೂ ಹಣ ಮಾತ್ರ ಕಳಿಸಬೇಡಿ. ಇದನ್ನೆಲ್ಲ ಇನ್ಸ್‌ಪೆಕ್ಟರಮ್ಮ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳುವುದು ಅವರು ಹೇಳದೆ ಬಿಟ್ಟದ್ದು. ಪ್ರಶ್ನೆ ಕೇಳಿ ಅಂದರು, ಸರಿ. ಆ ಪ್ರಶ್ನೆ ಎಲ್ಲಿಂದ ಬರಬೇಕು? ಅದನ್ನು ಫೋನಿನೊಳಗೆ ಹಾಕಿ ಕೊಡುವುದಿಲ್ಲ. ದಿನಾ ಒಂದಿಷ್ಟು ಹೊತ್ತು ಮನೆಯವರ ಎದುರು ಕೂತು, ಅವರು ಹೇಳಿದ್ದನ್ನು ಕೇಳಿಸಿಕೊಂಡವನಿಗೆ ಮಾತ್ರ ಅದು ಇರುತ್ತದೆ. ಮಕ್ಕಳ ಫೋನು ಬಂದಾಗ "ಆಮೇಲೆ ಮಾಡುತ್ತೇನೆ" ಅನ್ನುವುದನ್ನು ಇವತ್ತಿಗೆ ನಿಲ್ಲಿಸಿ. ಮಕ್ಕಳು ಹೇಳಿಕೊಂಡ ಮಾತನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಊರಿಗೆ ಹಂಚಬೇಡಿ.

ಇನ್ನು ಹೆಚ್ಚು ಹೇಳಿದರೆ ಪ್ರಸಾದ ಆರುತ್ತದೆ. ವಾಸನೆ ಬರುತ್ತಿದೆಯಲ್ಲ? ಇವತ್ತು ನಾನೇ ಹೇಳಿ ಶೇಂಗಾ ಹೋಳಿಗೆ ಮಾಡಿಸಿದ್ದೇನೆ. ಪಂಕ್ತಿಯಲ್ಲಿ ನಿಮ್ಮ ನಿಮ್ಮ ಮನೆಯವರ ತಟ್ಟೆಗೆ ನೀವೇ ಬಡಿಸಬೇಕು. ಫೋಟೋ ತೆಗೆಯಬೇಡಿ. ಹೋಳಿಗೆ ಕೈಯಲ್ಲಿ ಹಿಡಿದು, ಅವರ ಮುಖ ನೋಡಿ, ನಿನಗೆ ಇದು ಸೇರುತ್ತದೋ ಇಲ್ಲವೋ ಅಂತ ಕೇಳಿ. ಅವರು ಉತ್ತರ ಹೇಳಿ ಮುಗಿಸುವವರೆಗೆ ಕಾಯಿರಿ. ಆಮೇಲೆ ಬಡಿಸಿ.