ಪಕ್ಕದಲ್ಲಿ ನಿಲ್ಲೋರು

ಹಿಂದೂಪುರದಲ್ಲಿ ಕಲ್ಯಾಣದುರ್ಗದ ಬಸ್ಸು ಹತ್ತಿ ಕೂತ ರೇವಣಪ್ಪನ ಮುಂದಿನ ಸೀಟಿನಲ್ಲಿ ಇಬ್ಬರು ನರ್ಸುಗಳಿದ್ದರು. ಚಿಕ್ಕವಳು ಮೂಗು ಒರೆಸಿಕೊಳ್ಳುತ್ತಿದ್ದಳು.

“ಪೇಷೆಂಟುಗಳ ಮುಂದೇನೇ ಬೈದ್ಬುಟ್ರು ಕಣಕ್ಕ. ನಾಳೆಯಿಂದ ಡ್ಯೂಟಿಗೆ ಬರಲ್ಲ.”

“ಬಾ ಕಣಮ್ಮ. ಹೆಡ್ ಸಿಸ್ಟರ್ ಬಾಯಿ ತೆಗೆದ್ರೆ ನಾನ್ ಬಂದು ನಿನ್ ಪಕ್ಕ ನಿಂತ್ಕಂತೀನಿ.”

“ನಿಂತ್ಕಂಡು ಏನಂತೀಯ?”

“ಏನೂ ಅನ್ನಲ್ಲ. ತ್ರಿವೇಣೀನ ಬೈದಾಗ್ಲೂ ಹಂಗೇ ಮಾಡಿದ್ವಿ. ಇಬ್ರು ನಿಂತಿದ್ರೆ ಸುವರ್ಣಮ್ಮೋರ ದನಿ ತಾನೇ ಇಳೀತದೆ.”

ಹೆಂಡತಿ ಸುವರ್ಣಮ್ಮನ ಹೆಸರು ಕಿವಿಗೆ ಬಿದ್ದಿದ್ದೇ ರೇವಣಪ್ಪ ಟವೆಲನ್ನು ಮುಖದ ಮೇಲೆ ಎಳೆದುಕೊಂಡ.

ಚಿಕ್ಕವಳು ಮೂಗು ಒರೆಸೋದು ನಿಲ್ಲಿಸಿ ಆಕೆಯ ಕಡೆ ತಿರುಗಿದಳು.

“ಪಾಪಂ, ಮನೇಲಿ ಅವ್ರ ಗಂಡನ ಪಕ್ಕ ಯಾರಕ್ಕ ನಿಂತ್ಕಳಾದು?”

ಇಬ್ಬರೂ ನಗುತ್ತಾ ಸೋಮಂದೇಪಲ್ಲಿಯಲ್ಲಿ ಇಳಿದುಹೋದರು.

ಮನೆಗೆ ಹೋಗಲು ರೇವಣಪ್ಪನೂ ಅಲ್ಲೇ ಇಳಿಯಬೇಕಿತ್ತು. ಕಂಡಕ್ಟರನ್ನು ಕರೆದು ಮುಂದಿನ ಊರು ಪೆನುಕೊಂಡಕ್ಕೆ ಟಿಕೆಟ್ ತಗೊಂಡ.